ಮೊಳಕಾಲು ನೋವಿರೋ ಅವ್ವ, ಎರಡು ಮಕ್ಕಳು, ಮೂರು ದಿನ: ಬಾದಾಮಿ ಕಡೆ ಹಗುರ ನಡಿಗೆ ಎಲ್ಲೆಲ್ಲಿ?

ಜಮಖಂಡಿ ಕಾರು

ಡಿಸೆಂಬರ್ ಕೊನೇ ವಾರ ಮೂರು ದಿನ ರಜೆ. ಜಮಖಂಡಿಯಿಂದ ಸ್ವಂತ ಕಾರು, ಐದು ಮಂದಿ: ನಾವಿಬ್ಬರು, 68 ವರ್ಷದ ಅವ್ವ, 9ರ ಮಗಳು, 4ರ ಮಗ. ಅವ್ವಗೆ ಎಡ ಮೊಳಕಾಲು ನೋವು. ಸಪಾಟು ನೆಲದಲ್ಲಿ ನಡುನಡುವೆ ಕೂತು ಒಂದು ತಾಸು ಆರಾಮ ನಡೀತಾರೆ, ಮೆಟ್ಟಿಲು ಅಂದ್ರೆ ಮಾತ್ರ ಹಿಂಜರಿಕೆ. ಸಣ್ಣವನು ಅರ್ಧ ಕಿಲೋಮೀಟರ್ ನಡೆದ ಮೇಲೆ ಎತ್ಕೋ ಅಂತಾನೆ.

ಕೇಳಬೇಕಾದ್ದು ಇಷ್ಟು. ಬಾದಾಮಿ, ಪಟ್ಟದಕಲ್ಲು, ಐಹೊಳೆಯಲ್ಲಿ ಅವ್ವ ಎಲ್ಲಿವರೆಗೆ ಬರಬಹುದು, ಎಲ್ಲಿ ಕೂರಿಸಿ ಹೋಗಬೇಕು? ಮಕ್ಕಳ ತಳ್ಳುಗಾಡಿ ತಂದರೆ ಉಪಯೋಗ ಆಗುತ್ತಾ? ಖಾನಾಪುರ ಕಡೆ ಕಾಡಿನೊಳಗೆ ಸಣ್ಣ ಮಕ್ಕಳ ಜೊತೆ ಓಡಾಡೋಕೆ ಆಗುತ್ತಾ? ಮಗಳು ಸಮುದ್ರ ಬೇಕು ಅಂತ ಹಟ ಹಿಡಿದಿದ್ದಾಳೆ, ಮೂರು ದಿನದಲ್ಲಿ ಅದನ್ನೂ ಸೇರಿಸಬಹುದಾ? ನೋಡಲೇಬೇಕಾದ ಹತ್ತು ಸ್ಥಳ ಅನ್ನೋ ಥರದ ಪಟ್ಟಿ ಬೇಡ, ಅದು ಎಲ್ಲ ಕಡೆ ಸಿಗುತ್ತೆ.

ಅಗಸ್ತ್ಯತೀರ್ಥ ದಂಡಿ

ಸರ, ನಮ್ಮ ಕಡೆ ನಡಿಗಿ ಹಗುರೋ ಬಿರುಸೋ ಅನ್ನೂದನ್ನ ಕಿಲೋಮೀಟರ್ ಲೆಕ್ಕದಾಗ ನೋಡಬ್ಯಾಡ್ರಿ. ಎಲ್ಲಾ ಒಂದೊಂದು ಕಿಲೋಮೀಟರ್ ಒಳಗ ಐತಿ. ಮೆಟ್ಟಲ ಎಷ್ಟು, ಯಾವ ಹೊತ್ತಿಗೆ ಯಾವ ಕಡೆ ನೆರಳು, ಇವೆರಡ ನೋಡಿ ದಿನದ ಹೊಂದಾಣಿಕಿ ಮಾಡ್ಕೋರಿ.

ಬಾದಾಮಿ ಗುಹೆ ದಕ್ಷಿಣದ ಗುಡ್ಡದಾಗ ಅದಾವು, ಬಾಗಿಲ ಉತ್ತರಕ್ಕ. ಚಳಿಗಾಲದಾಗ ಸೂರ್ಯ ದಕ್ಷಿಣಕ್ಕ ವಾಲಿರ್ತಾನ, ಹಿಂಗಾಗಿ ಗುಡ್ಡದ ನೆರಳು ಗುಹೆ ಮುಂದನ ಬೀಳತೈತಿ. ಹತ್ತೂವರಿಗೆ ಹೋದ್ರೂ ಬಿಸಲಿನ ತ್ರಾಸಿಲ್ಲ. ಅಗಸ್ತ್ಯತೀರ್ಥ ಕೆರಿ ಆಚೆ ದಂಡಿ, ಅಂದ್ರ ಮ್ಯೂಸಿಯಂ ಕಡೆಯದು, ತದ್ವಿರುದ್ಧ. ಅಲ್ಲಿ ಮಧ್ಯಾಹ್ನ ಕಲ್ಲು ಕಾದು ಕೆಂಡ ಆಗಿರ್ತೈತಿ. ಭಾಳ ಮಂದಿ ಗುಹೆ ಮುಗಿಸಿ ಹನ್ನೆರಡಕ್ಕ ಆ ದಂಡಿಗೆ ಬಂದು, ಭೂತನಾಥ ಗುಡಿ ದೂರಿಂದನ ನೋಡಿ ವಾಪಸ್ ಹೋಗ್ತಾರ. ನೀವು ಮುಂಜಾನೆ ಗುಹೆ, ನಾಕರ ಮ್ಯಾಲ ಭೂತನಾಥ ಇಟ್ಕೋರಿ. ಭೂತನಾಥ ಪಶ್ಚಿಮಕ್ಕ ಮಾರಿ ಮಾಡೇತಿ, ಸಂಜಿ ಬಿಸಲು ನೇರ ಅದರ ಮ್ಯಾಲ ಬೀಳತೈತಿ.

ಗುಹೆ ಮೆಟ್ಟಲ ವಿಚಾರ. ನಾಕು ಗುಹೆ, ಒಂದಕ್ಕಿಂತ ಒಂದು ಮ್ಯಾಲ. ಮೆಟ್ಟಲಿನ ಎತ್ತರ ಒಂದೇ ಸಮ ಇಲ್ಲ, ಒಂದು ಗೇಣು ಇದ್ರ ಮುಂದಿಂದು ಒಂದೂವರಿ ಗೇಣು. ಅವ್ವಾರ ಮೊದಲನೇ ಗುಹೆತನಕ ಬಂದ್ರ ಸಾಕು. ಹದಿನೆಂಟು ಕೈಯಿನ ನಟರಾಜ ಒಳಗಿಲ್ಲ, ಗುಹೆ ಹೊರಗನ ಬಲಗಡೆ ಬಂಡಿಗೆ ಕೆತ್ತೇತಿ. ಅಲ್ಲೇ ಕಟ್ಟಿ ಮ್ಯಾಲ ಕೂತ್ರ ಕೆರಿನೂ ಕಾಣತೈತಿ. ಮೊಮ್ಮಗಳನ್ನ ಮೂರನೇ ಗುಹೆಗೆ ಕರ್ಕೊಂಡು ಹೋಗ್ರಿ. ಅದ ಎಲ್ಲಾದಕ್ಕಿಂತ ದೊಡ್ಡದು. ಚಾಲುಕ್ಯರ ಮಂಗಳೇಶ ಕೊರೆಸಿದ್ದು, ಶಾಸನ 578ನೇ ಇಸ್ವಿದು. ಅಲ್ಲಿ ಕಂಬದ ಮ್ಯಾಲ ಸೂರಿಗೆ ಆನಿಸಿದ ಜೋಡಿ ಶಿಲ್ಪ ಅದಾವು, ಸಣ್ಣವರು ಸಾಮಾನ್ಯವಾಗಿ ಕತ್ತೆತ್ತಿ ನೋಡೂದಿಲ್ಲ, ನೀವ ತೋರಿಸಬೇಕು. ನಾಕನೇದು ಜೈನರದು, ಸಣ್ಣದು.

ಮೊಳಕಾಲಿಗೆ ತ್ರಾಸ ಆಗೂದು ಏರೂಮುಂದಷ್ಟ ಅಲ್ಲ, ಇಳಿಯೂಮುಂದನೂ. ಏರುವಾಗ ಗಟ್ಟಿ ಕಾಲ ಮೊದಲ ಇಡಬೇಕು, ಇಳಿಯುವಾಗ ನೋವಿನ ಕಾಲ ಮೊದಲ ಕೆಳಗ ಬಿಡಬೇಕು. ಬಡಿಗಿ ನೋವಿನ ಕಾಲಿನ ಕಡೆ ಹಿಡಿಯೂದಲ್ಲ, ಎದುರಿನ ಕೈಯಾಗ. ಎಡ ಮೊಳಕಾಲಂತ ಹೇಳೀರಿ, ಅಂದ್ರ ಬಲಗೈಯಾಗ ಬಡಿಗಿ. ಬುಡಕ್ಕ ರಬ್ಬರ್ ಇರಲಿ, ನುಣ್ಣಗಾದ ಕಲ್ಲಿನ ಮ್ಯಾಲ ಬರೇ ಕಟ್ಟಿಗಿ ಜಾರತೈತಿ.

ಮಂಗ್ಯಾನ ಕಾಟ ಬಾದಾಮಿಯಾಗ ಖರೇನ ಐತಿ, ಆದ್ರ ತಪ್ಪಿಸಬಹುದು. ಅವು ಮಂದಿ ಮ್ಯಾಲ ಬರೂದಿಲ್ಲ, ಕೈಯಾಗಿನ ಚೀಲದ ಮ್ಯಾಲ ಬರ್ತಾವು. ಪ್ಲಾಸ್ಟಿಕ್ ಚೀಲದ ಸಪ್ಪಳ, ಚಿಪ್ಸ್ ಪಾಕೀಟು, ಬಣ್ಣದ ಜ್ಯೂಸಿನ ಬಾಟ್ಲಿ, ಈ ಮೂರೂ ಕಾರಿನಾಗ ಬಿಡ್ರಿ. ನೀರು ಬೆನ್ನಚೀಲದೊಳಗ, ಜಿಪ್ ಪೂರಾ ಹಾಕಿ. ಎದರಿಗೆ ಬಂದ್ರ ಹಲ್ಲ ತೋರಿಸಿ ನಗಬಾರದು, ಕಣ್ಣಾಗ ಕಣ್ಣಿಟ್ಟು ನೋಡಬಾರದು, ಅದು ಜಗಳಕ್ಕ ಕರೆದಂಗ ತಿಳೀತೈತಿ. ಏನರ ಹಿಡಕೊಂಡು ಜಗ್ಗಿದ್ರ ಬಿಟ್ಟುಬಿಡ್ರಿ. ಜಗ್ಗಾಟಕ್ಕ ನಿಂತವರಿಗೇ ಪರಚತಾವು. ಪರಚಿದ್ರ ಸೋಪ್ ಹಚ್ಚಿ ಹರಿಯೂ ನೀರಾಗ ಹದಿನೈದು ನಿಮಿಷ ತೊಳೆದು, ಅವತ್ತ ದವಾಖಾನಿಗೆ ಹೋಗಿ ರೇಬಿಸ್ ಇಂಜೆಕ್ಷನ್ ಕೇಳ್ರಿ. ಸಣ್ಣ ಗಾಯ ಅಂತ ಸುಮ್ಮಕ ಕೂಡಬ್ಯಾಡ್ರಿ. ಬಂಡಿ ಬಿರುಕಿನಾಗ ಹೆಜ್ಜೇನು ಕಂಡ್ರ ಕಲ್ಲೆಸೆಯೂದು, ಕೇಕೆ ಹಾಕೂದು ಬ್ಯಾಡಂತ ಹುಡುಗರಿಗೆ ಮೊದಲ ಹೇಳಿಡ್ರಿ.

ಇನ್ನ ಸಂಜಿ ನಡಿಗಿ. ಮ್ಯೂಸಿಯಂಗೆ ಹೋಗೂ ಓಣಿ ಭಾಳ ಇಕ್ಕಟ್ಟು. ಕಾರ ಗುಹೆ ಕಡೆ ಬಿಟ್ಟು ಆಟೋದಾಗ ಹೋಗೂದ ಚಲೋ. ಮ್ಯೂಸಿಯಂ ಗೇಟಿನ ಹತ್ರ ದಾರಿ ಎರಡಾಗ್ತಾವು. ಒಂದು ಬಂಡಿ ಸೀಳಿನಾಗ ಮ್ಯಾಲ ಬಾವನ್ ಬಂಡಿ ಕೋಟೆಗೆ, ಶಿವಾಲಯಗಳ ಕಡೆ ಏರತೈತಿ. ಇನ್ನೊಂದು ಕೆರಿ ದಂಡಿಗುಂಟ ಭೂತನಾಥಕ್ಕ. ಈ ಎರಡನೇದು ಪೂರಾ ಸಪಾಟು, ಅವ್ವಾರ ಹೆಜ್ಜಿಗೆ ಇಪ್ಪತ್ತು ನಿಮಿಷ. ಮ್ಯಾಲಿನ ದಾರಿಗೆ ನಾಕ ವರ್ಷದವನನ್ನ ಒಯ್ಯಬ್ಯಾಡ್ರಿ. ತುದಿಗೆ ಕಟಾಂಜನ ಇಲ್ಲದ ಜಾಗ ಅದಾವು, ಕೆಳಗ ನೇರ ಆಳ. ದೊಡ್ಡಾಕಿ ಜೋಡಿ ಒಬ್ಬರು ಹೋಗಿ ಬರ್ರಿ, ಸೀಳಿನ ಒಳಗ ಎರಡೂ ಬಾಜೂ ಕೆಂಪ ಗ್ವಾಡಿ ಎದ್ದು ನಿಂತೇತಿ, ಅದನ್ನ ಆಕಿ ಮರೆಯೂದಿಲ್ಲ.

ಅಗಸ್ತ್ಯತೀರ್ಥದ ಪಾವಟಿಗಿ ಮ್ಯಾಲ ಪಾಚಿ. ನೀರಿಗೆ ಹತ್ತಿದ ಕೊನೇ ಮೂರು ಪಾವಟಿಗಿ ಹಸರಾಗಿ ಕಾಣತಾವು, ಅಲ್ಲಿ ಬೂಟು, ಚಪ್ಪಲಿ ಯಾವುದೂ ನಿಲ್ಲೂದಿಲ್ಲ. ಮಕ್ಕಳನ್ನ ಒಣ ಪಾವಟಿಗಿ ಮ್ಯಾಲನ ಇರಿಸಿರಿ. ಮ್ಯೂಸಿಯಂ ಶುಕ್ರವಾರ ಬಂದ್.

ತಳ್ಳುಗಾಡಿ ಬ್ಯಾಡ. ಭೂತನಾಥದ ದಾರಿಯಾಗೂ ಕಲ್ಲಚಪ್ಪಡಿ ಸಂದಿಗೆ ಮುಂದಿನ ಸಣ್ಣ ಗಾಲಿ ಸಿಕ್ಕತೈತಿ. ಸೊಂಟಕ್ಕ ಪಟ್ಟಿ ಬಿಗಿಯೂ ಬೆನ್ನಚೀಲದಂಥ ಕ್ಯಾರಿಯರ್ ಸಿಕ್ರ ತರ್ರಿ, ಆದ್ರ ಅದು ಎಷ್ಟು ಕಿಲೋತನಕ ತಡೀತೈತಿ ನೋಡ್ರಿ. ನಾಕ ವರ್ಷದ ಹುಡುಗ ಹದಿನೈದು ಕಿಲೋ ದಾಟಿರ್ತಾನ, ಸಣ್ಣ ಕೂಸಿನ ಕ್ಯಾರಿಯರ್ ಆಗೂದಿಲ್ಲ.

ಅಗಸ್ತ್ಯತೀರ್ಥ ದಂಡಿ

ಮುಂದುವರಿಸ್ತೀನಿ, ಪಟ್ಟದಕಲ್ಲು ಬಿಟ್ಟಿದ್ದೆ.

ಅವ್ವಾರಿಗೆ ಅಂತ ಒಂದ ಜಾಗ ಆರಿಸಬೇಕಂದ್ರ ಪಟ್ಟದಕಲ್ಲು. ಬಾದಾಮಿಯಿಂದ 22 ಕಿಲೋಮೀಟರ್. ಗುಡಿ ಎಲ್ಲಾ ಒಂದ ಬಯಲಿನಾಗ, ಹುಲ್ಲಿನ ನಡುವ ದಾರಿ, ಸಪಾಟು. ಏರಬೇಕಾದ್ದು ಗುಡಿ ಮುಂದಿನ ನಾಕಾರು ಮೆಟ್ಟಲ ಅಷ್ಟ. ವಿರೂಪಾಕ್ಷದಾಗ ಈಗೂ ಪೂಜಿ ನಡೀತೈತಿ, ಚಪ್ಪಲಿ ಹೊರಗ ಬಿಡಬೇಕು. ಮಧ್ಯಾಹ್ನ ಅಂಗಳದ ಕಲ್ಲು ಕಾಯತೈತಿ, ಎಲ್ಲಾರಿಗೂ ಒಂದೊಂದು ಜೋಡಿ ದಪ್ಪ ಕಾಲಚೀಲ ಇಟ್ಕೊಂಡ್ರ ಹುಡುಗರು ಜಿಗಿದಾಡೂದು ತಪ್ಪತೈತಿ. ಅಲ್ಲಿ ಕೂಡ್ರಾಕ ಬೇಕಾದಷ್ಟು ಕಟ್ಟಿ ಅದಾವು, ಒಳಗ ತಂಪು.

ಒಂಬತ್ತು ವರ್ಷದಾಕಿಗೆ ಒಂದು ಕೆಲಸ ಹಚ್ಚರಿ. ಗಳಗನಾಥ, ಕಾಶಿ ವಿಶ್ವನಾಥ ಗುಡಿ ಶಿಖರ ಬಾಗಿಕೊಂತ ಒಂದ ಸಮ ಮ್ಯಾಲ ಹೋಗ್ತಾವು. ಸಂಗಮೇಶ್ವರ, ವಿರೂಪಾಕ್ಷ, ಮಲ್ಲಿಕಾರ್ಜುನ ಗುಡಿದು ಅಂತಸ್ತು ಅಂತಸ್ತು. ಉತ್ತರದ ಪದ್ಧತಿದು ಯಾವುದು, ದಕ್ಷಿಣದ್ದು ಯಾವುದು ಎಣಿಸಂತ ಹೇಳ್ರಿ. ಎರಡೂ ಪದ್ಧತಿ ಬಾಜೂ ಬಾಜೂ ನಿಂತಿದ್ದಕ್ಕನ 1987ರಾಗ ಯುನೆಸ್ಕೋ ಪಟ್ಟಿಗೆ ಸೇರೇತಿ. ವಿರೂಪಾಕ್ಷ ಗುಡಿ ಕಟ್ಟಿಸಿದಾಕಿ ರಾಣಿ ಲೋಕಮಹಾದೇವಿ, ಗಂಡ ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದಿದ್ದಕ್ಕ. ಪಾಪನಾಥ ಗುಡಿ ಸ್ವಲ್ಪ ಬಾಜೂಕ ಐತಿ, ಬಸ್ಸಿನ್ಯಾಗ ಬಂದವರು ಅವಸರದಾಗ ಅದನ್ನ ಬಿಟ್ಟ ಹೋಗ್ತಾರ. ಅದರ ಹೊರಗ್ವಾಡಿಗೆ ರಾಮಾಯಣ ಸಾಲಾಗಿ ಕೆತ್ತೇತಿ, ಕತಿ ಗೊತ್ತಿದ್ದ ಹುಡುಗರಿಗೆ ಅದ ಚಲೋ.

ಪಟ್ಟದಕಲ್ಲು ಹನ್ನೊಂದೂವರಿಗೆ ಮುಗಿಸಿ ಮಹಾಕೂಟಕ್ಕ ಬರ್ರಿ. ದೊಡ್ಡ ಗಿಡಗಳು, ಬುಗ್ಗಿ ನೀರಿನ ವಿಷ್ಣು ಪುಷ್ಕರಣಿ, ಮಧ್ಯಾಹ್ನನೂ ತಂಪು. ನಿಮಗ ಬೇಕಾದ ಕಾಡಿನ ನೆರಳು ಇದ ಅಂತ ತಿಳೀರಿ. ಬಾದಾಮಿಯಿಂದ ಗುಡ್ಡದ ಮ್ಯಾಲಿಂದ ಮಹಾಕೂಟಕ್ಕ ಕಾಲದಾರಿ ಐತಿ ಅಂತ ಯಾರರ ಹೇಳಿದ್ರ, ಅದು ನಿಮ್ಮ ಮಂದಿಗಲ್ಲ. ನೆರಳಿಲ್ಲ, ಉದುರುಗಲ್ಲು ಭಾಳ. ಕಾರಿನಾಗ ಹೋಗ್ರಿ.

ಊಟಕ್ಕ ಬನಶಂಕರಿ, ಬಾದಾಮಿಯಿಂದ 5 ಕಿಲೋಮೀಟರ್. ಗುಡಿ ಹತ್ರ ಅವ್ವಗಳು ಬುಟ್ಟಿ ಇಟ್ಕೊಂಡು ಕೂತಿರ್ತಾರ: ಜ್ವಾಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಕೆಂಪ ಖಾರ, ಕುಡಿಕಿ ಮೊಸರು. ಸಣ್ಣವನಿಗೆ ಖಾರ ಬ್ಯಾಡಂತ ಮೊದಲ ಹೇಳ್ರಿ. ಬನದ ಹುಣ್ಣಿಮಿ ಹತ್ರ ಬಂದಿದ್ರ ಜಾತ್ರಿ ಗದ್ದಲ, ರಸ್ತೆನ ಸಿಗೂದಿಲ್ಲ. ಕ್ಯಾಲೆಂಡರ್ ನೋಡಿ ಬರ್ರಿ.

ಮಲಪ್ರಭಾ ಮೇಲ್ದಂಡೆ

ಖಾನಾಪುರ ಕಾಡಿನ ಪ್ರಶ್ನೆಗೆ ಉತ್ತರ. ಭೀಮಗಡ 2011ರಲ್ಲಿ ವನ್ಯಜೀವಿಧಾಮ ಆಗಿದೆ, ಸುಮಾರು 190 ಚದರ ಕಿಲೋಮೀಟರ್. ಒಳಗೆ ಮನಸ್ಸಿಗೆ ಬಂದ ಕಡೆ ಇಳಿದು ನಡೆಯೋ ಹಾಗಿಲ್ಲ, ಅರಣ್ಯ ಇಲಾಖೆಯ ಪರವಾನಗಿ, ಜೊತೆಗೆ ಅವರ ಸಿಬ್ಬಂದಿ ಬೇಕು. ಕರಡಿ, ಕಾಟಿ ಇರೋ ಕಾಡು. ನಾಲ್ಕು ವರ್ಷದ ಮಗು, ಮೊಳಕಾಲು ನೋವು ಎರಡೂ ಇರೋವಾಗ ನಾನಂತೂ ಬೇಡ ಅಂತೀನಿ. ಬಾದಾಮಿಯಿಂದ ಅಲ್ಲಿಗೆ ಹೋಗಿಬರೋದಕ್ಕೇ ಒಂದು ದಿನ ಪೂರ್ತಿ ಹೋಗುತ್ತೆ.

ಆದರೂ ಮುಂದೆ ಯಾವಾಗಾದರೂ ಬೆಳಗಾವಿಯಲ್ಲಿ ಉಳಿದರೆ ಹಲಸಿಗೆ ಹೋಗಿ. ಕದಂಬರ ಪಲಾಶಿಕಾ ಅದು. ಭೂವರಾಹ ನರಸಿಂಹ ಗುಡಿಯಲ್ಲಿ ಎರಡು ಗರ್ಭಗುಡಿ ಎದುರಾಬದುರು ಇವೆ. ಊರೊಳಗಿನ ಸಪಾಟು ಜಾಗ, ಸುತ್ತ ಹಸಿರು. ಬೆಳಗಾವಿ ಕೋಟೆಯೂ ಹಾಗೇ: ಸುತ್ತ ಕಂದಕ, ಒಳಗೆ ಗಿಡಗಳ ನೆರಳಿನ ಡಾಂಬರು ರಸ್ತೆ, 1204ರ ಕಮಲ ಬಸದಿ. ತಳ್ಳುಗಾಡಿ ಸಲೀಸಾಗಿ ಓಡೋದು ಅಂದರೆ ಇಲ್ಲಿ. ಬಸದಿ ಒಳಗೆ ಹೋದ ಕೂಡಲೇ ತಲೆ ಎತ್ತಿ, ಮೇಲಿಂದ ಕಲ್ಲಿನ ಕಮಲ ಇಳಿಬಿದ್ದಿದೆ. ಸೇನೆಯ ಜಾಗ ಪಕ್ಕದಲ್ಲೇ ಇದೆ, ಸಿಕ್ಕ ಕಡೆ ಫೋಟೋ ತೆಗೆಯಬೇಡಿ.

ಕಿತ್ತೂರು ಹೆದ್ದಾರಿಗೆ ಹತ್ತಿರ. ಚೆನ್ನಮ್ಮನ ಅರಮನೆಯಲ್ಲಿ ಉಳಿದಿರೋದು ಗೋಡೆಗಳು, ಆದರೆ ಕೋಣೆ ಕೋಣೆ ಗುರುತಿಸಬಹುದು. ಧ್ರುವ ನಕ್ಷತ್ರ ನೋಡೋಕೆ ಗೋಡೆಯಲ್ಲಿ ಬಿಟ್ಟಿರೋ ಕೊಳವೆ ಮಕ್ಕಳಿಗೆ ತೋರಿಸಿ. ಗೋಡೆ ಹತ್ತೋಕೆ ಬಿಡಬೇಡಿ, ಮೇಲಿನ ಗಾರೆ ಉದುರುತ್ತೆ.

ಗೋಕಾಕ ಫಾಲ್ಸ್ ಯಾರಾದರೂ ಹೇಳುವ ಮೊದಲೇ ಹೇಳಿಬಿಡ್ತೀನಿ: ಡಿಸೆಂಬರಿನಲ್ಲಿ ಹೋಗಬೇಡಿ. 52 ಮೀಟರ್ ಧುಮುಕೋ ಘಟಪ್ರಭೆ ಜುಲೈಯಿಂದ ಸೆಪ್ಟೆಂಬರಿನದು. ಆಮೇಲೆ ನೀರು ಇಳಿದು ಬಂಡೆ ಕಾಣುತ್ತೆ, ಆ ಬಂಡೆ ಮೇಲೆ ಸೆಲ್ಫಿಗೆ ಇಳಿಯೋರು ಜಾಸ್ತಿಯಾಗ್ತಾರೆ. ಒಣಗಿದ ಪಾಚಿ ಕಣ್ಣಿಗೆ ಕಲ್ಲಿನ ಹಾಗೇ ಕಾಣುತ್ತೆ, ಜಾರೋದು ಕಾಲಿಟ್ಟ ಮೇಲೇ ಗೊತ್ತಾಗೋದು.

ಪಶ್ಚಿಮಘಟ್ಟದ ಯಾವುದೇ ಕಾಡಿಗೆ ಚಳಿಗಾಲದಿಂದ ಬೇಸಿಗೆವರೆಗೆ ಹೋದರೆ ಉಣ್ಣಿ ನೋಡಿಕೊಳ್ಳಿ. ಪ್ಯಾಂಟಿನ ಅಂಚು ಕಾಲುಚೀಲದೊಳಗೆ, ತರಗೆಲೆ ಮೇಲೆ ಕೂರೋದು ಬೇಡ, ವಾಪಸ್ ಬಂದು ಮಕ್ಕಳ ಕಿವಿ ಹಿಂದೆ, ಕಂಕುಳು, ಸೊಂಟದ ಪಟ್ಟಿ ಕೆಳಗೆ ಹುಡುಕಿ. ಸಿಕ್ಕರೆ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಿರಿ. ಎಣ್ಣೆ, ಸುಣ್ಣ, ಬೆಂಕಿಕಡ್ಡಿ ಬೇಡ.

ಗುಮ್ಮಟದ ಬಾಜೂ

ನಮ್ಮ ವಿಜಯಪುರ ಯಾರೂ ಎತ್ತಲಿಲ್ಲ. ಮೂರೂ ದಿನ ಬಾದಾಮಿ ಸುತ್ತ ಬ್ಯಾಡ ಅನಿಸಿದ್ರೆ ಒಂದು ದಿನ ಇತ್ತ ಬರ್ರಿ, ಜಮಖಂಡಿಯಿಂದ ಹತ್ತಿರ.

ಗೋಳಗುಮ್ಮಟಕ್ಕೆ ಬೆಳಿಗ್ಗೆ ಬೇಗ ಬರಬೇಕು, ಬಿಸಿಲಿಗಲ್ಲ, ಸದ್ದಿಗೆ. ಡಿಸೆಂಬರ್ ಅಂದ್ರೆ ಶಾಲಾ ಪ್ರವಾಸದ ಬಸ್ಸು ಸಾಲುಸಾಲು. ಹತ್ತರ ಮೇಲೆ ಮೇಲಿನ ಗ್ಯಾಲರಿಯಲ್ಲಿ ಎಲ್ಲಾ ಹುಡುಗರು ಒಟ್ಟಿಗೆ ಕೂಗ್ತಾರೆ, ಪಿಸುಮಾತು ಗೋಡೆಗುಂಟ ಬರೋದು ಕೇಳಿಸೋದೇ ಇಲ್ಲ. ಮಗಳು ಒಂದು ಕಡೆ ಗೋಡೆಗೆ ಬಾಯಿ ಹತ್ತಿರ ಇಟ್ಟು ಮೆಲ್ಲಗೆ ಮಾತಾಡಲಿ, ನೀವು ಎದುರು ಬದಿ ಗೋಡೆಗೆ ಕಿವಿ ಕೊಟ್ಟು ನಿಲ್ಲಿ. ಮಧ್ಯದ ಕಡೆ ತಿರುಗಿ ಕೂಗಿದ್ರೆ ಬರೀ ಗದ್ದಲ. ಏರೋದು ಮೂಲೆಯ ಮಿನಾರಿನೊಳಗಿನ ಮೆಟ್ಟಿಲು, ಏಳು ಅಂತಸ್ತು, ಇಕ್ಕಟ್ಟು, ಎತ್ತರ. ಮೇಲಿಂದ ಇಳಿಯೋರು ಎದುರಾದರೆ ಗೋಡೆಗೆ ಅಂಟಿ ನಿಲ್ಲಬೇಕು. ಅವ್ವಾರು ಕೆಳಗೇ ಇರಲಿ. ಮುಂದಿನ ನಗಾರಖಾನೆಯಲ್ಲಿ ಮ್ಯೂಸಿಯಂ ಇದೆ (ಇದೂ ಶುಕ್ರವಾರ ಬಂದ್), ಮಹಾಕೂಟದ ಮಂಗಳೇಶನ ಕಂಬ ಇಲ್ಲೇ ಇರೋದು. ಬಾದಾಮಿ ನೋಡಿ ಬಂದವರಿಗೆ ಅದು ಸರಿಯಾಗಿ ಕೂಡುತ್ತೆ.

ಆಮೇಲೆ ಇಬ್ರಾಹಿಂ ರೋಜಾ. ಹತ್ತೋದು ಕಡಿಮೆ, ಕಿಟಕಿ ಜಾಲರಿಯಲ್ಲಿ ಅಕ್ಷರಗಳನ್ನೇ ಕಲ್ಲಲ್ಲಿ ಕೊರೆದಿದ್ದಾರೆ. ಗೋಳಗುಮ್ಮಟದ ದೊಡ್ಡತನಕ್ಕಿಂತ ನನಗೆ ಇದೇ ಹೆಚ್ಚು. ಬಾರಾ ಕಮಾನಿನ ಹುಲ್ಲಿನ ಮೇಲೆ ಸಣ್ಣವನು ಓಡಾಡಲಿ. ಉಪಲಿ ಬುರುಜಿಗೆ ಮೆಟ್ಟಿಲು ಹೊರಗಡೆಯಿಂದ ಸುತ್ತಿಕೊಂಡು ಹೋಗ್ತಾವೆ, ಸಣ್ಣವನನ್ನು ಹತ್ತಿಸಬೇಡಿ. ಒಂದು ಜಾಗದಿಂದ ಇನ್ನೊಂದಕ್ಕೆ ಟಾಂಗಾ ಸಿಕ್ಕರೆ ಅವ್ವಾರಿಗೂ ಮಕ್ಕಳಿಗೂ ಖುಷಿ. ಎಲ್ಲೆಲ್ಲಿ ನಿಲ್ಲಿಸಬೇಕು, ಎಷ್ಟು ತಾಸು, ಎಷ್ಟು ರೊಕ್ಕ, ಹತ್ತೋ ಮುಂಚೆ ಮಾತಾಡಿ.

ಕಾಳಿ ಅಳಿವೆ

ಸಮುದ್ರದ ಬಗ್ಗೆ ಮಾತ್ರ. ಬಾಗಲಕೋಟೆ, ಬೆಳಗಾವಿ, ವಿಜಯಪುರ ಮೂರೂ ಜಿಲ್ಲೆಗೆ ಕಡಲಿಲ್ಲ, ಮೂರು ದಿನದಲ್ಲಿ ಬಾದಾಮಿ ಮತ್ತು ಕಾರವಾರ ಎರಡನ್ನೂ ತುರುಕಿದರೆ ಮಕ್ಕಳು ನೋಡೋದು ಕಾರಿನ ಕಿಟಕಿಯನ್ನೇ. ಬೇರೆ ರಜೆಗೆ ಇಟ್ಟುಕೊಳ್ಳಿ. ಆಗ ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ಬನ್ನಿ, ಊರಿಗೆ ಅಂಟಿಕೊಂಡೇ ಇದೆ, ಉದ್ದಕ್ಕೂ ಸಪಾಟು. ನೀರು ಇಳಿತದಲ್ಲಿರೋ ಹೊತ್ತು ನೋಡಿ ಹೋದರೆ ಒದ್ದೆ ಮರಳು ಗಟ್ಟಿ ಇರುತ್ತೆ, ಅವ್ವನಿಗೂ ನಡೆಯೋಕೆ ಸಲೀಸು. ಒಣ ಮರಳಿನಲ್ಲಿ ಹಿಮ್ಮಡಿ ಹೂತು ಮೊಳಕಾಲು ತಿರುಚುತ್ತೆ. ಉಬ್ಬರದಿಂದ ಇಳಿತಕ್ಕೆ ಆರು ತಾಸಿನ ಮೇಲೆ ಸ್ವಲ್ಪ. ದಿನಕ್ಕೆ ಸುಮಾರು 50 ನಿಮಿಷ ಹಿಂದಕ್ಕೆ ಬೀಳ್ತಾ ಹೋಗುತ್ತೆ, ಇವತ್ತು ನಾಲ್ಕಕ್ಕೆ ಇಳಿತ ಇದ್ದರೆ ನಾಳೆ ಐದರ ಹತ್ತಿರ. ನದಿ ಸಮುದ್ರ ಸೇರೋ ಅಳಿವೆ ಹತ್ತಿರ ಮಕ್ಕಳನ್ನು ನೀರಿಗೆ ಬಿಡಬೇಡಿ, ಮೇಲೆ ಶಾಂತ ಕಂಡರೂ ಅಡಿಯಲ್ಲಿ ಸೆಳೆತ.

ಜಮಖಂಡಿ ಕಾರು

ಎಲ್ಲರಿಗೂ ಧನ್ಯವಾದ. ಕಾಡು, ಕಡಲು ಎರಡನ್ನೂ ಬಿಟ್ಟೆ. ತಳ್ಳುಗಾಡಿಯೂ ಬೇಡ. ಮೊದಲ ದಿನ ಬಾದಾಮಿ, ಎರಡನೇ ದಿನ ಪಟ್ಟದಕಲ್ಲು, ಮಹಾಕೂಟ, ಬನಶಂಕರಿ. ಮೂರನೇ ದಿನ ಐಹೊಳೆ ನೋಡಿಕೊಂಡು ಊರಿಗೆ ಹೋಗೋದಾ, ಇಲ್ಲ ವಿಜಯಪುರಾನಾ? ಐಹೊಳೆಯಲ್ಲಿ ಅವ್ವಗೆ ಏನು ಕಷ್ಟ? ನೀರು ಎಷ್ಟು ಹೊರಬೇಕು?

ಅಗಸ್ತ್ಯತೀರ್ಥ ದಂಡಿ

ವಿಜಯಪುರ ನಿಮಗ ಹತ್ರ ಐತಿ, ಒಂದು ಆಯಿತವಾರ ಹೋಗಿ ಬರಬಹುದು. ಈ ಸಲ ಐಹೊಳಿ ಮಾಡ್ರಿ.

ಐಹೊಳಿಯಾಗ ಟಿಕೆಟ್ ಕೊಡೂ ಆವಾರದೊಳಗನ ದುರ್ಗ ಗುಡಿ, ಲಾಡಖಾನ್ ಗುಡಿ ಅದಾವು. ಸಪಾಟು. ದುರ್ಗ ಗುಡಿ ಹಿಂಬದಿ ಆನಿ ಬೆನ್ನಿನಂಗ ದುಂಡಗ ಐತಿ, ಸುತ್ತ ಕಂಬದ ಪಡಸಾಲಿ. ಅವ್ವಾರು ನೆರಳಾಗ ಒಂದು ಸುತ್ತು ಹಾಕಿದ್ರ ಗ್ವಾಡಿಯಾಗಿನ ಮೂರ್ತಿ ಎಲ್ಲಾ ನೋಡಿದಂಗ. ಅಲ್ಲಿಂದ ರಾವಳಫಡಿ ಗುಹೆಗೆ ಕಾರಿನಾಗ ಹೋಗ್ರಿ, ಬಾಗಲ ಮುಂದ ಸ್ವಲ್ಪ ಮೆಟ್ಟಲ ಅಷ್ಟ. ಮೇಗುತಿ ಗುಡ್ಡ ಮಾತ್ರ ಅವ್ವಾರಿಗೆ ಬ್ಯಾಡ, ನೆರಳಿಲ್ಲದ ಮೆಟ್ಟಲ. ಇಮ್ಮಡಿ ಪುಲಕೇಶಿ ಕಾಲದ ರವಿಕೀರ್ತಿ ಶಾಸನ, 634ರದು, ಮ್ಯಾಲ ಗುಡಿ ಗ್ವಾಡಿಯಾಗ ಐತಿ. ನಿಮಗ ಆಸಕ್ತಿ ಇದ್ರ ಒಂಬತ್ತರ ಒಳಗ ಒಬ್ಬರ ಏರಿ ಬರ್ರಿ, ಉಳಿದವರು ಕೆಳಗ ದುರ್ಗ ಗುಡಿ ಕಟ್ಟಿ ಮ್ಯಾಲ ಕೂತಿರಲಿ.

ನೀರು ದೊಡ್ಡವರಿಗೆ ಎರಡು ತಾಸಿಗೆ ಒಂದು ಲೀಟರ್ ಹಿಡೀರಿ, ಸಣ್ಣವರಿಗೆ ಅದರ ಅರ್ಧ. ಉಳಿದದ್ದು ಕಾರಿನಾಗ ಒಂದು ಐದು ಲೀಟರ್ ಕ್ಯಾನ್. ಅವ್ವಾರು ಮೂತ್ರಕ್ಕ ಹೋಗೂ ತ್ರಾಸಿಗೆ ಅಂಜಿ ನೀರ ಕುಡಿಯೂದು ಬಿಡ್ತಾರ, ಅದನ್ನ ನೋಡ್ಕೋರಿ. ಶೌಚಾಲಯ ಟಿಕೆಟ್ ಕೌಂಟರ್ ಹತ್ರ ಸಿಗತೈತಿ, ಒಳಗ ಬಯಲಾಗ ಸಿಗೂದಿಲ್ಲ. ಒಳಗ ಹೋಗೂ ಮೊದಲ ಎಲ್ಲಾರೂ ಹೋಗಿಬರ್ರಿ.

ಟಿಕೆಟ್ ಕ್ಯೂಆರ್ ಕೋಡ್ ಮ್ಯಾಲ ಫೋನಿನಾಗ ತಗೋಬಹುದು, 15 ವರ್ಷದೊಳಗಿನವರಿಗೆ ಟಿಕೆಟ್ ಬೇಕಾಗಿಲ್ಲ. ಬಂಡಿ ನಡುವ ನೆಟ್ವರ್ಕ್ ಆಟ ಆಡತೈತಿ, ಟಿಕೆಟ್ ಬಂದ ಕೂಡಲೇ ಸ್ಕ್ರೀನ್‌ಶಾಟ್ ತಕ್ಕೋರಿ.

ವಾಪಸ್ ಹೋಗೂಮುಂದ ಅಮೀನಗಡದ ಮ್ಯಾಲ ಬಾಗಲಕೋಟಿಗೆ ಹೋದ್ರ ಕರದಂಟು ಸಿಗತೈತಿ. ಅವ್ವಾರ ಹಲ್ಲಿಗೆ ಹಗುರಂತ ಮೆತ್ತಂದು ಕೇಳಿ ತಗೋರಿ.

ಗುಮ್ಮಟದ ಬಾಜೂ

ಒಂದು ಉಳೀತು. ಮೂರು ದಿನದಲ್ಲಿ ಶುಕ್ರವಾರ ಬಂದರೆ ಅದನ್ನ ಪಟ್ಟದಕಲ್ಲಿಗೆ ಇಡ್ರಿ, ಗುಡಿ ಬಯಲು ತೆರೆದೇ ಇರುತ್ತೆ. ಬಾದಾಮಿ ದಿನ ಶುಕ್ರವಾರ ಬಿದ್ದರೆ ಮ್ಯೂಸಿಯಂ ಮುಚ್ಚಿದ ಬಾಗಿಲು ನೋಡಬೇಕಾಗುತ್ತೆ.

ಜಮಖಂಡಿ ಕಾರು

ಎರಡನೇ ದಿನವೇ ಶುಕ್ರವಾರ ಬರ್ತದೆ, ಹೊಂದಿತು.